ಓದುಗರ ಪ್ರಶ್ನೆ: ಮಡಿಕೇರಿಯ ಪಿನ್‌ಕೋಡ್ ಅವಿಭಾಜ್ಯ ಸಂಖ್ಯೆಯೇ?

ಪ್ರಶ್ನೆ: ನಮ್ಮೂರಿನ ಪಿನ್‌ಕೋಡ್ 571201 ಅವಿಭಾಜ್ಯ ಸಂಖ್ಯೆ ಎಂದು ಹತ್ತನೇ ತರಗತಿಯಲ್ಲಿರುವ ಮಗಳು ಹೇಳುತ್ತಾಳೆ. ಇಷ್ಟು ದೊಡ್ಡ ಸಂಖ್ಯೆಯನ್ನು ಕಂಪ್ಯೂಟರ್ ಇಲ್ಲದೆ ಪರೀಕ್ಷಿಸುವುದು ಹೇಗೆ? ಅದಕ್ಕೆ ಬೇರೇನಾದರೂ ವಿಶೇಷ ಗುಣವಿದೆಯೇ?
– ಓದುಗರೊಬ್ಬರು, ಮಡಿಕೇರಿ

ಉತ್ತರ: ನಿಮ್ಮ ಮಗಳ ಮಾತು ನಿಜ. ಇದರ ವರ್ಗಮೂಲ 755ಕ್ಕಿಂತ ತುಸು ಹೆಚ್ಚು. ಆದ್ದರಿಂದ 751ರವರೆಗಿನ 133 ಅವಿಭಾಜ್ಯಗಳಲ್ಲಿ ಯಾವುದೂ ಇದನ್ನು ನಿಶ್ಶೇಷವಾಗಿ ಭಾಗಿಸದಿದ್ದರೆ ಸಾಕು. ಹಿಂದಿನ ಸಂಖ್ಯೆಯಾದ 571200ನ್ನು 2⁶×3×5²×7×17 ಎಂದು ಬಿಡಿಸಬಹುದಾದ್ದರಿಂದ 2, 3, 5, 7, 17 ಈ ಐದರಿಂದಲೂ 1 ಶೇಷ ಉಳಿಯುತ್ತದೆಂಬುದು ಲೆಕ್ಕ ಮಾಡದೆಯೇ ತಿಳಿಯುತ್ತದೆ. ಉಳಿದವನ್ನು ಭಾಗಿಸಿಯೇ ನೋಡಬೇಕು. ಗೋಣಿಕೊಪ್ಪಲಿನ 571213 ಮೇಲ್ನೋಟಕ್ಕೆ ಇದರಂತೆಯೇ ಕಂಡರೂ 29×19697 ಆಗಿಬಿಡುತ್ತದೆ.

ಕಕ್ಕಡ ತಿಂಗಳ ಮಳೆಗೆ ಶಾಲೆಗೆ ರಜೆ ಘೋಷಣೆಯಾದ ದಿನ ನಿಮ್ಮ ಮಗಳು ಇದಕ್ಕಿಂತ ಸೊಗಸಾದ ಇನ್ನೊಂದು ದಾರಿಯನ್ನು ಹಿಡಿಯಬಹುದು. 4ರಿಂದ ಭಾಗಿಸಿದಾಗ 1 ಉಳಿಯುವ ಪ್ರತಿಯೊಂದು ಅವಿಭಾಜ್ಯವೂ ಎರಡು ವರ್ಗಗಳ ಮೊತ್ತವಾಗಿರುತ್ತದೆ, ಅದೂ ಒಂದೇ ರೀತಿಯಲ್ಲಿ, ಎಂದು 17ನೇ ಶತಮಾನದಲ್ಲಿ ಫರ್ಮಾ ಹೇಳಿದ್ದನ್ನು ಮುಂದಿನ ಶತಮಾನದಲ್ಲಿ ಆಯ್ಲರ್ ಸಾಧಿಸಿದರು. ಇದರ ವಿಲೋಮವೂ ನಿಜ: 4ರಿಂದ ಭಾಗಿಸಿದಾಗ 1 ಉಳಿಯುವ ಸಂಖ್ಯೆಯನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಲು ಒಂದೇ ಒಂದು ದಾರಿಯಿದ್ದು, ಆ ಎರಡು ಸಂಖ್ಯೆಗಳಿಗೆ ಸಾಮಾನ್ಯ ಅಪವರ್ತನವಿಲ್ಲದಿದ್ದರೆ ಅದು ಅವಿಭಾಜ್ಯವೇ.

ಈಗ ಹುಡುಕಾಟ. ವರ್ಗಗಳನ್ನು 5ರಿಂದ ಭಾಗಿಸಿದರೆ 0, 1 ಅಥವಾ 4 ಮಾತ್ರ ಉಳಿಯುತ್ತದೆ; ನಮ್ಮ ಸಂಖ್ಯೆಯ ಶೇಷ 1 ಆದ್ದರಿಂದ ಎರಡರಲ್ಲಿ ಒಂದು 5ರ ಗುಣಕವಾಗಿರಲೇಬೇಕು. ಅದರ ವರ್ಗ 25ರ ಗುಣಕ, 571200 ಕೂಡ 25ರ ಗುಣಕ. ಹಾಗಾಗಿ ಇನ್ನೊಂದು ಸಂಖ್ಯೆ 25ರ ಯಾವುದಾದರೊಂದು ಗುಣಕಕ್ಕಿಂತ 1 ಹೆಚ್ಚು ಅಥವಾ 1 ಕಡಿಮೆ ಇರಬೇಕು. 755ರೊಳಗೆ ಅಂಥವು 1, 24, 26, 49, 51 ಎಂದು ಮೊದಲ್ಗೊಂಡು 61 ಮಾತ್ರ. 8ರಿಂದ ಭಾಗಿಸಿದಾಗಲೂ 1 ಉಳಿಯುವುದರಿಂದ, ಇವುಗಳಲ್ಲಿ 4ರ ಗುಣಕವಲ್ಲದ ಸಮಸಂಖ್ಯೆಗಳನ್ನು ಕೈಬಿಟ್ಟರೆ 46 ಉಳಿಯುತ್ತವೆ. ಒಂದೊಂದರ ವರ್ಗವನ್ನೂ 571201ರಿಂದ ಕಳೆದು, ಉಳಿದದ್ದು ಪೂರ್ಣವರ್ಗವೇ ಎಂದು ನೋಡುತ್ತಾ ಹೋದರೆ 176 ಒಂದೇ ಸಿಗುತ್ತದೆ: 571201 − 30976 = 540225 = 735². 176ರ ಅಪವರ್ತನಗಳು 2 ಮತ್ತು 11, 735ರವು 3, 5 ಮತ್ತು 7. ಸಾಮಾನ್ಯವಾದದ್ದು ಯಾವುದೂ ಇಲ್ಲ. ಅಲ್ಲಿಗೆ ಸಾಧನೆ ಮುಗಿಯಿತು. ಅಂಚೆ ಇಲಾಖೆ ಇದನ್ನೆಲ್ಲ ಯೋಚಿಸಿ ಸಂಖ್ಯೆ ಕೊಟ್ಟದ್ದಲ್ಲವೆಂಬುದು ಬೇರೆ ಮಾತು.

ನಿಮ್ಮ ಎರಡನೆಯ ಪ್ರಶ್ನೆಗೂ ಇದರಲ್ಲೇ ಉತ್ತರವಿದೆ. 735² − 176² = 509249, ಮತ್ತು 2×176×735 = 258720. ಇವೆರಡನ್ನು ಬಾಹುಗಳಾಗಿಟ್ಟು ಲಂಬಕೋನ ತ್ರಿಭುಜವೊಂದನ್ನು ರಚಿಸಿದರೆ ಅದರ ಕರ್ಣದ ಉದ್ದ ಸರಿಯಾಗಿ 571201 ಆಗುತ್ತದೆ.