ಕಾರ್ಲಾ ಗುಹೆ ಪಾಂಡವರು ಕೊರೆದಿದ್ದಾ?

ಪ್ರಶ್ನೆ: ಲೋನಾವಳ ಹತ್ತಿರದ ಕಾರ್ಲಾದ ಏಕವೀರಾ ದೇವಿ ದರ್ಶನಕ್ಕೆ ಹೋಗಿದ್ವಿ. ಗುಡಿ, ಪಕ್ಕದ ಗುಹೆ ಎರಡನ್ನೂ ಪಾಂಡವರು ಒಂದೇ ರಾತ್ರೀಲಿ ಕಟ್ಟಿದ್ದು ಅಂದ್ರು. ನಿಜಾನಾ ಸರ್?
— ಓದುಗರು, ಪಿಂಪ್ರಿ, ಪುಣೆ

ಉತ್ತರ: ಭಕ್ತರ ನಂಬಿಕೆಗೆ ನನ್ನ ಗೌರವ ಇದೆ, ಆದ್ರೆ ಗುಹೆ ವಿಷಯದಲ್ಲಿ ಗೋಡೆ ಕಂಬಗಳೇ ಸಾಕ್ಷಿ ಹೇಳ್ತವೆ. ಅದು ಬೌದ್ಧರ ಚೈತ್ಯ, ಅಂದ್ರೆ ಸ್ತೂಪ ಇರೋ ಪ್ರಾರ್ಥನಾ ಮಂದಿರ, ಸುಮಾರು 2000 ವರ್ಷ ಹಳೇದು, ಗಟ್ಟಿ ಕಪ್ಪು ಬಂಡೆ ಒಳಗೆ ಹತ್ತಿರ ಹತ್ತಿರ 45 ಮೀಟರ್ ಉದ್ದ ಕೊರೆದಿದ್ದಾರೆ, ಇದು ಒಂದು ರಾತ್ರಿಯ ಕೆಲಸ ಅಲ್ವೇ ಅಲ್ಲ. ಖರ್ಚು ಯಾರು ಕೊಟ್ರು ಅಂತ ಬ್ರಾಹ್ಮಿ ಲಿಪೀಲಿ, ಪ್ರಾಕೃತ ಭಾಷೇಲಿ ಅಲ್ಲೇ ಕೆತ್ತಿದೆ. ಧೇನುಕಾಕಟ ಅನ್ನೋ ಊರಿನ ಯವನರು (ಆ ಕಾಲದಲ್ಲಿ ಗ್ರೀಕರನ್ನ ಹೀಗೆ ಕರೀತಿದ್ರು) ಕಂಬಗಳನ್ನ ದಾನ ಕೊಟ್ಟಿದ್ದಾರೆ, ಬಾಗಿಲಿಗೆ ಒಬ್ಬ ಗಂಧದ ವ್ಯಾಪಾರಿ ಕೊಟ್ಟಿದ್ದಾನೆ.

ನಮ್ಮ ಕನ್ನಡದೋರು ತಪ್ಪದೇ ನೋಡ್ಬೇಕಾದ್ದು ಮುಂದಿನ ವರಾಂಡದ ಶಾಸನ: ವೈಜಯಂತಿಯ ಶ್ರೇಷ್ಠಿ (ದೊಡ್ಡ ವ್ಯಾಪಾರಿ) ಭೂತಪಾಲ ಈ ಶಿಲಾಗೃಹ ಮಾಡಿಸಿದ, ಇದು ಜಂಬೂದ್ವೀಪದಲ್ಲೇ ಉತ್ತಮವಾದದ್ದು ಅಂತ ಇದೆ. ಆ ವೈಜಯಂತಿ ಅಂದ್ರೆ ನಮ್ಮ ಉತ್ತರ ಕನ್ನಡದ ಬನವಾಸಿ ಅಂತ ವಿದ್ವಾಂಸರು ಗುರುತಿಸ್ತಾರೆ! ಅಷ್ಟು ದೂರದ ವ್ಯಾಪಾರಿ ಇಲ್ಲಿ ದುಡ್ಡು ಹಾಕಿದ್ದ ಅನ್ನೋದು ನನಗಂತೂ ಆ ಕಥೆಗಿಂತ ದೊಡ್ಡ ಅಚ್ಚರಿ. ಇನ್ನೊಂದ್ಸಲ ಹೋದಾಗ ಚಾವಣೀನೂ ನೋಡಿ, ಅಲ್ಲಿರೋ ಮರದ ಕಮಾನುಗಳು ಆ ಕಾಲದವೇ.