ಶಿವಮೊಗ್ಗದಲ್ಲಿದ್ದುಕೊಂಡು ಕ್ಯಾಲಿಫೋರ್ನಿಯಾದ ಮತ ಹಾಕಬಹುದಾ?

ನೀವು ಕೇಳಿದ್ದು ಇಷ್ಟು: ಅಮೆರಿಕದ ಪೌರತ್ವ ಈಗಷ್ಟೇ ಸಿಕ್ಕಿದೆ, ಮನೆ ಕ್ಯಾಲಿಫೋರ್ನಿಯಾದಲ್ಲಿ. ಆದರೆ 2026ರ ನವೆಂಬರ್ 3ರ ಚುನಾವಣೆ ಹೊತ್ತಿಗೆ ಅಮ್ಮನ ಮಂಡಿ ಆಪರೇಷನ್‌ಗೆಂದು ಶಿವಮೊಗ್ಗದಲ್ಲಿರುತ್ತೀರಿ. ಮತ ಹಾಕಬಹುದಾ? ಹೆಂಡತಿಗೆ ಇನ್ನೂ ಗ್ರೀನ್ ಕಾರ್ಡ್, ಅವರ ಕಥೆ ಏನು?

ನೀವು ಖಂಡಿತ ಹಾಕಬಹುದು. ನಾನೂ ಒಮ್ಮೆ ಹಾಸನದಿಂದ ಹಾಕಿದ್ದೇನೆ. ಹೆಂಡತಿಯವರ ವಿಷಯ ಕೊನೆಗೆ ಹೇಳುತ್ತೇನೆ.

ಮೊದಲು ಪಟ್ಟಿಗೆ ಹೆಸರು ಸೇರಿಸಿ. ಪ್ರಮಾಣವಚನ ಮುಗಿಸಿ ಹೊರಗೆ ಬಂದಾಗ ಮೇಜು ಹಾಕಿಕೊಂಡು ಫಾರಂ ಕೊಡುವವರು ಇದ್ದಿರಬಹುದು. ಅಲ್ಲಿ ತುಂಬಿಲ್ಲದಿದ್ದರೆ ರಾಜ್ಯದ ವೆಬ್‌ಸೈಟ್‌ನಲ್ಲಿ ಹತ್ತು ನಿಮಿಷದ ಕೆಲಸ. ಡ್ರೈವಿಂಗ್ ಲೈಸೆನ್ಸ್ ನಂಬರ್, ಹುಟ್ಟಿದ ದಿನ, ಸೋಶಿಯಲ್ ಸೆಕ್ಯುರಿಟಿಯ ಕೊನೆಯ ನಾಲ್ಕು ಅಂಕಿ ಕೇಳುತ್ತದೆ. ಚುನಾವಣೆಗೆ 15 ದಿನ ಮೊದಲು, ಅಂದರೆ ಅಕ್ಟೋಬರ್ 19ರ ಒಳಗೆ ಆಗಬೇಕು. ಅದು ತಪ್ಪಿದರೂ ಖುದ್ದಾಗಿ ಹೋಗಿ ಸೇರಿಸಿಕೊಳ್ಳಬಹುದು, ಆದರೆ ಆಗ ನೀವು ಊರಲ್ಲಿರುತ್ತೀರಲ್ಲ.

ಆ ಫಾರಂನಲ್ಲಿ ‘ನಿಮ್ಮ ಪಕ್ಷ ಯಾವುದು’ ಅಂತ ಕೇಳುತ್ತಾರೆ. ನನಗೆ ಅದನ್ನು ನೋಡಿ ಗಾಬರಿಯೇ ಆಗಿತ್ತು. ನಮ್ಮಲ್ಲಿ ಮನೆಯವರಿಗೂ ಹೇಳದ ಗುಟ್ಟು ಅಲ್ವಾ ಅದು! ‘ಯಾವ ಪಕ್ಷವೂ ಇಲ್ಲ’ ಎಂದು ಗುರುತು ಹಾಕಬಹುದು, ಏನೂ ತೊಂದರೆಯಿಲ್ಲ. ನವೆಂಬರ್ ಮತಪತ್ರ ಎಲ್ಲರಿಗೂ ಒಂದೇ.

ಇನ್ನು ಸಹಿ. ಇದನ್ನು ಸ್ವಲ್ಪ ನಿಧಾನವಾಗಿ ಓದಿ, ನಾನು ಎಡವಿದ್ದು ಇಲ್ಲೇ. ಆನ್‌ಲೈನ್‌ನಲ್ಲಿ ನೋಂದಾಯಿಸಿದರೆ ನಿಮ್ಮ ಸಹಿಯನ್ನು ಡ್ರೈವಿಂಗ್ ಲೈಸೆನ್ಸ್ ದಾಖಲೆಯಿಂದಲೇ ತೆಗೆದುಕೊಳ್ಳುತ್ತಾರೆ. ಆಮೇಲೆ ಅಂಚೆಯಲ್ಲಿ ಮತಪತ್ರ ವಾಪಸ್ ಬಂದಾಗ, ಕವರ್ ಮೇಲಿನ ಸಹಿಯನ್ನು ಅದರ ಜೊತೆ ಹೋಲಿಸುತ್ತಾರೆ. ಬೆರಳಿಗೆ ಶಾಯಿ ಇಲ್ಲ, ಮುಖ ನೋಡುವವರಿಲ್ಲ, ಏಜೆಂಟರು ಹೆಸರು ಕೂಗುವುದಿಲ್ಲ. ನೀವು ನೀವೇ ಅನ್ನುವುದಕ್ಕೆ ಇರುವ ಸಾಕ್ಷಿ ಆ ಗೀಚು ಒಂದೇ. ನಾನು ಲೈಸೆನ್ಸ್ ಮಾಡಿಸುವಾಗ ಹಿಂದೆ ಉದ್ದ ಕ್ಯೂ ಇತ್ತು. ಆ ಪುಟ್ಟ ಗಾಜಿನ ಪರದೆ ಮೇಲೆ ಅವಸರಕ್ಕೆ ಇಂಗ್ಲಿಷಿನಲ್ಲಿ ಎರೆಹುಳದ ಹಾಗೆ ಏನೋ ಎಳೆದಿದ್ದೆ. 2020ರಲ್ಲಿ ಮೊದಲ ಸಲ ಮತಪತ್ರ ಮನೆಗೆ ಬಂದಾಗ ಹೆಮ್ಮೆಯಿಂದ ಕವರ್ ಮೇಲೆ ಕನ್ನಡದಲ್ಲಿ ಸಹಿ ಹಾಕಿದೆ. ಕಾಲೇಜಿನ ದಿನದಿಂದ ಬ್ಯಾಂಕಿನಲ್ಲಿ ನನ್ನದು ಅದೇ ಸಹಿ. ಎರಡು ವಾರಕ್ಕೆ ಕಾಗದ ಬಂತು: ಸಹಿ ಹೊಂದುತ್ತಿಲ್ಲ, ಈ ಮತ ನಿಮ್ಮದೇ ಎಂದು ಸಹಿ ಮಾಡಿ ಕಳಿಸಿ. ತಪ್ಪು ಪೂರ್ತಿ ನನ್ನದೇ. ಫಾರಂ ತುಂಬಿ ಕಳಿಸಿದೆ, ಮತ ಎಣಿಕೆಗೆ ಸೇರಿತು. ಮರುವಾರವೇ ಕಾಗದದ ಫಾರಂ ತಂದು ಕನ್ನಡ ಸಹಿಯಲ್ಲಿ ಹೊಸದಾಗಿ ನೋಂದಾಯಿಸಿದೆ. ಅಲ್ಲಿಂದ ಇಲ್ಲಿಯವರೆಗೆ ತಕರಾರಿಲ್ಲ. ಹಾಗಾಗಿ ಇವತ್ತೇ ಲೈಸೆನ್ಸ್ ಹೊರಗೆ ತೆಗೆದು ನಿಮ್ಮ ಸಹಿ ಹೇಗಿದೆ ನೋಡಿಕೊಳ್ಳಿ.

ಈಗ ಊರಿನ ವಿಷಯ. ಕ್ಯಾಲಿಫೋರ್ನಿಯಾದಲ್ಲಿ ಪಟ್ಟಿಯಲ್ಲಿರುವ ಎಲ್ಲರಿಗೂ ಮತಪತ್ರ ಮನೆಗೇ ಬರುತ್ತದೆ, ಕೇಳಬೇಕಾಗಿಲ್ಲ. ಚುನಾವಣೆಗೆ 29 ದಿನ ಮೊದಲು, ಅಂದರೆ ಅಕ್ಟೋಬರ್ 5ರ ಸುಮಾರಿಗೆ ಕಳಿಸಲು ಶುರು ಮಾಡುತ್ತಾರೆ. ನಿಮ್ಮ ವಿಮಾನ ಅಕ್ಟೋಬರ್ ಮಧ್ಯದಲ್ಲಿದ್ದರೆ ಬೇರೆ ತಲೆನೋವೇ ಬೇಡ. ತುಂಬಿ, ಸಹಿ ಮಾಡಿ, ಚುನಾವಣಾ ಕಚೇರಿಯ ಡ್ರಾಪ್ ಬಾಕ್ಸ್‌ಗೆ ಹಾಕಿ ಹೊರಡಿ. ಅಂಚೆಗೆ ಹಾಕಿದರೂ ಸ್ಟ್ಯಾಂಪ್ ಬೇಡ. ಆದರೆ ಹಾಕಿದ ದಿನವೇ ಮುದ್ರೆ ಬೀಳುತ್ತದೆ ಎನ್ನುವ ಗ್ಯಾರಂಟಿ ಇಲ್ಲ. ನನಗೆ ಡಬ್ಬಿಯೇ ಇಷ್ಟ.

ಅದಕ್ಕಿಂತ ಮೊದಲೇ ಹೊರಡುವುದಾದರೆ ಫೆಡರಲ್ ಪೋಸ್ಟ್ ಕಾರ್ಡ್ ಅಪ್ಲಿಕೇಷನ್ ಎನ್ನುವ ಫಾರಂ ತುಂಬಿ ನಿಮ್ಮ ಕೌಂಟಿಯ ಚುನಾವಣಾ ಕಚೇರಿಗೆ ಕಳಿಸಿ. ಹೊರದೇಶದಲ್ಲಿರುವ ನಾಗರಿಕರಿಗೆ ನೋಂದಣಿಯೂ ಮತಪತ್ರದ ಕೋರಿಕೆಯೂ ಅದೇ ಒಂದು ಹಾಳೆಯಲ್ಲಿ ಮುಗಿಯುತ್ತದೆ. ಮತದ ವಿಳಾಸ ಕ್ಯಾಲಿಫೋರ್ನಿಯಾದ ಮನೆಯದೇ, ಶಿವಮೊಗ್ಗದ್ದು ಬರೆಯಬೇಡಿ. ಮತಪತ್ರ ಹೇಗೆ ಬೇಕು ಎಂಬಲ್ಲಿ ಇಮೇಲ್ ಎಂದು ಗುರುತು ಹಾಕಿ. 2009ರ ಕಾನೂನಿನ ಪ್ರಕಾರ, ಸಮಯಕ್ಕೆ ಕೇಳಿದವರಿಗೆ 45 ದಿನ ಮೊದಲೇ, ಅಂದರೆ ಸೆಪ್ಟೆಂಬರ್ 19ರೊಳಗೆ ಅದನ್ನು ಕಳಿಸಬೇಕು. ಅಷ್ಟಾದರೂ ಬಾರದಿದ್ದರೆ ಹೆಸರು ನಾವೇ ಬರೆದು ಕಳಿಸುವ ತುರ್ತು ಮತಪತ್ರವೂ ಒಂದಿದೆ.

ಮತಪತ್ರ ನೋಡಿ ಹೆದರಬೇಡಿ. ಅಲ್ಲಿನದು ಎರಡು ಮೂರು ಹಾಳೆ ಇರುತ್ತದೆ. ಶಾಲಾ ಮಂಡಳಿಯಿಂದ ಹಿಡಿದು ತೆರಿಗೆ ಪ್ರಸ್ತಾಪದ ತನಕ ಎಲ್ಲಕ್ಕೂ ನಿಮ್ಮ ಅಭಿಪ್ರಾಯ ಬೇಕು. ಗೊತ್ತಿಲ್ಲದ್ದನ್ನು ಖಾಲಿ ಬಿಟ್ಟರೆ ಉಳಿದದ್ದು ಎಣಿಕೆಯಾಗುತ್ತದೆ. ವಿವರದ ಪುಸ್ತಕ ಹಿಂದಿಯಲ್ಲೂ ಸಿಗುತ್ತದೆ, ಕನ್ನಡದಲ್ಲಿಲ್ಲ. ಅಲ್ಲೂ ಇದೇ ಗೋಳು!

ವಾಪಸ್ ಕಳಿಸುವುದೇ ಕಷ್ಟ. ಕ್ಯಾಲಿಫೋರ್ನಿಯಾ ತುಂಬಿದ ಮತಪತ್ರವನ್ನು ಇಮೇಲ್‌ನಲ್ಲಿ ತೆಗೆದುಕೊಳ್ಳುವುದಿಲ್ಲ. ಅಂಚೆ ಅಥವಾ ಫ್ಯಾಕ್ಸ್. ಅಂಚೆಗೆ ವಾರಗಟ್ಟಲೆ ಹಿಡಿಯಬಹುದು, ಬೇಗ ಹೊರಡಿಸಿ. ಫ್ಯಾಕ್ಸ್ ಮಾಡಿದರೆ ಮತದ ಗುಟ್ಟು ಬಿಟ್ಟುಕೊಡುತ್ತೇನೆ ಎಂಬ ಹಾಳೆಗೂ ಸಹಿ ಹಾಕಬೇಕು. ಹಾಸನದಲ್ಲಿ ನಾನು ನಾಲ್ಕು ಜೆರಾಕ್ಸ್ ಅಂಗಡಿ ಸುತ್ತಿದೆ. ಒಬ್ಬರು ಮೂಲೆಯಲ್ಲಿದ್ದ ಮೆಷಿನ್ ಒರೆಸಿ, ‘ಮೇಡಂ, ಇದು ಕೆಟ್ಟು ಐದು ವರ್ಷ ಆಯ್ತು’ ಎಂದರು. ಕೊನೆಗೆ ಇಂಟರ್ನೆಟ್ಟಿನ ಫ್ಯಾಕ್ಸ್ ಸೇವೆಗೆ ದುಡ್ಡು ಕಟ್ಟಿ ಕಳಿಸಿದೆ. ನೀವು ಅಂಗಡಿ ಸುತ್ತದೆ ನೇರ ಅದನ್ನೇ ಮಾಡಿ. ಮತಗಟ್ಟೆ ಮುಚ್ಚುವ ರಾತ್ರಿ 8 ಗಂಟೆಯೊಳಗೆ ಫ್ಯಾಕ್ಸ್ ಅವರನ್ನು ತಲುಪಿರಬೇಕು. ಶಿವಮೊಗ್ಗದ ಗಡಿಯಾರದಲ್ಲಿ ಅದು ಬುಧವಾರ ಬೆಳಿಗ್ಗೆ 9:30. ಅಷ್ಟು ಹೊತ್ತು ಕಾಯಬೇಡಿ ಅಂತ ಬೇರೆ ಹೇಳಬೇಕಾಗಿಲ್ಲ.

ಹೆಂಡತಿಯವರು ಈಗಲೇ ಅಮೆರಿಕದ ಯಾವ ಮತದಾರರ ಫಾರಂಗೂ ಕೈ ಹಾಕದಿರಲಿ. ಗ್ರೀನ್ ಕಾರ್ಡ್ ಇರುವವರು ಅಮೆರಿಕದ ಈ ಚುನಾವಣೆಯಲ್ಲಿ ಮತ ಹಾಕುವಂತಿಲ್ಲ. ಲೈಸೆನ್ಸ್ ನವೀಕರಿಸುವಾಗ ‘ನಾನು ನಾಗರಿಕ’ ಎಂಬಲ್ಲಿ ತಪ್ಪಿ ಗುರುತು ಹಾಕಿದರೂ ಮುಂದೆ ಪೌರತ್ವಕ್ಕೆ, ದೇಶದಲ್ಲಿ ಇರುವುದಕ್ಕೇ ಕುತ್ತು ಬರಬಹುದು. ಅವರ ಕೈಯಲ್ಲಿ ಭಾರತದ ಪಾಸ್‌ಪೋರ್ಟ್ ಇದೆಯಲ್ಲ, ಅವರ ಮತ ಇನ್ನೂ ಊರಲ್ಲೇ ಇದೆ. ಹೊರದೇಶದಲ್ಲಿರುವ ಭಾರತೀಯರಿಗಾಗಿ ಇರುವ 6ಎ ಫಾರಂನಲ್ಲಿ ಹೆಸರು ಸೇರಿಸಿದರೆ ಆಯಿತು. ಆದರೆ ಅಂಥವರಿಗೆ ಅಂಚೆ ಮತ ಇಲ್ಲ. ಪಾಸ್‌ಪೋರ್ಟ್ ಹಿಡಿದು ಮತಗಟ್ಟೆಗೇ ಹೋಗಬೇಕು. ನಿಮಗೆ ಮಾತ್ರ ಆ ಬಾಗಿಲು ಮುಚ್ಚಿತು, ಭಾರತ ಮೂಲದ ವಿದೇಶಿ ನಾಗರಿಕರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ ಮತ ಇಲ್ಲ. ಅಮ್ಮನ ಮನೆಯ ಪಟ್ಟಿಯಲ್ಲಿ ನಿಮ್ಮ ಹೆಸರು ಇನ್ನೂ ಇದ್ದರೆ, ಊರಿಗೆ ಹೋದಾಗ 7ನೇ ನಮೂನೆ ಕೊಟ್ಟು ತೆಗೆಸಿಬಿಡಿ.