ತೊಳೆದಷ್ಟೂ ಸಾಯುವ ಮೀನು

ಪ್ರಶ್ನೆ: ನನಗೀಗ 64. ಹೈಸ್ಕೂಲಿನಿಂದಲೂ ಮೀನು ಸಾಕುವ ಹುಚ್ಚು. ದಾವಣಗೆರೆಯ ಹಳೇ ಮನೆಯ ಹಿತ್ತಲಲ್ಲಿ ದೊಡ್ಡ ಸಿಮೆಂಟ್ ತೊಟ್ಟಿ ಇತ್ತು. ಬಾವಿ ನೀರು ತುಂಬಿಸಿ ಗೋಲ್ಡ್ ಫಿಶ್ ಬಿಟ್ಟಿದ್ದೆ, ವರ್ಷಗಟ್ಟಲೆ ಬದುಕಿದ್ದವು. ಈಗ ಮಗನ ಜೊತೆ ವಿದ್ಯಾನಗರದಲ್ಲಿದ್ದೇನೆ. ಎರಡಡಿಯ ಗಾಜಿನ ಟ್ಯಾಂಕ್, ಫಿಲ್ಟರ್, ಲೈಟು ಎಲ್ಲ ಇದೆ. ಆರು ಗೋಲ್ಡ್ ಫಿಶ್ ಇವೆ. ಪ್ರತಿ ಭಾನುವಾರ ನೀರೆಲ್ಲ ಚೆಲ್ಲಿ, ಕಲ್ಲು, ಫಿಲ್ಟರ್ ಎರಡನ್ನೂ ನಲ್ಲಿಯ ಕೆಳಗೆ ತೊಳೆದು ಫಳಫಳ ಮಾಡುತ್ತೇವೆ. ಆದರೂ ಸಾಯುತ್ತಲೇ ಇರುತ್ತವೆ, ಮತ್ತೆ ತರುತ್ತೇವೆ. ಈಗಿನ ಮೀನಿನ ತಳಿಯೇ ಸರಿಯಿಲ್ಲವೇ?

ಉತ್ತರ: ತಳಿಯನ್ನು ಬೈಯಬೇಡಿ. ನಿಮ್ಮ ತೊಂದರೆ ಆ ಫಳಫಳವೇ.

ಹಳೇ ತೊಟ್ಟಿಯನ್ನು ನೀವು ವಾರವಾರ ಉಜ್ಜುತ್ತಿರಲಿಲ್ಲ, ಅಲ್ವಾ? ಗೋಡೆಗೆ ಪಾಚಿ ಕಟ್ಟಿತ್ತು, ಬಾವಿ ನೀರಿಗೆ ನಲ್ಲಿ ನೀರಿನ ಹಾಗೆ ಕ್ಲೋರಿನ್ ಇರಲಿಲ್ಲ, ಇದ್ದ ಮೀನಿಗೆ ನೀರೂ ಜಾಸ್ತಿ ಇತ್ತು. ಮೀನಿನ ಕಿವಿರು ಮತ್ತು ಹಿಕ್ಕೆಯಿಂದ ನೀರಿಗೆ ಅಮೋನಿಯ ಸೇರುತ್ತದೆ. ಅದು ವಿಷ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ. ಇನ್ನೊಂದು ಜಾತಿ ಅದನ್ನು ನೈಟ್ರೇಟ್ ಮಾಡುತ್ತದೆ. ಇದರಿಂದ ಅಷ್ಟು ಅಪಾಯವಿಲ್ಲ, ನೀರು ಬದಲಿಸಿದಾಗ ಹೋಗುತ್ತದೆ. ಈ ಬ್ಯಾಕ್ಟೀರಿಯಾಗಳು ನೀರಿಗಿಂತ ಹೆಚ್ಚಾಗಿ ಫಿಲ್ಟರಿನ ಸ್ಪಾಂಜು, ಕಲ್ಲು, ಗೋಡೆಗೆ ಅಂಟಿಕೊಂಡು ಬದುಕುತ್ತವೆ. ಹೊಸ ಟ್ಯಾಂಕಿನಲ್ಲಿ ಅವು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ನೀವು ಏಳನೇ ದಿನಕ್ಕೇ ಕ್ಲೋರಿನ್ ನೀರಲ್ಲಿ ತೊಳೆದು ಅವನ್ನು ಕೊಲ್ಲುತ್ತಿದ್ದೀರಿ. ನಿಮ್ಮ ಟ್ಯಾಂಕ್ ಎಷ್ಟು ಹಳೆಯದಾದರೂ ಅದಕ್ಕೆ ಯಾವಾಗಲೂ ಮೊದಲನೇ ವಾರವೇ.

ಇನ್ನು ಕ್ಲೋರಿನ್ನು. ಅದು ಮೀನಿನ ಕಿವಿರನ್ನೇ ಸುಡುತ್ತದೆ. ಭಾನುವಾರ ಸಂಜೆ ಮೀನುಗಳು ಮೇಲೆ ಬಂದು ಬಾಯಿ ತೆರೆದು ಏದುಸಿರು ಬಿಡುವುದನ್ನು ನೀವು ನೋಡಿರಬೇಕು. ಹಸಿವು ಅಂತ ಇನ್ನಷ್ಟು ಕಾಳು ಹಾಕುವವರೂ ಇದ್ದಾರೆ!

ಈಗ ಹೀಗೆ ಮಾಡಿ. ಪೂರ್ತಿ ನೀರು ಚೆಲ್ಲುವುದನ್ನು ಇವತ್ತೇ ಬಿಡಿ. ಒಂದು ತಿಂಗಳು ದಿನ ಬಿಟ್ಟು ದಿನ ಕಾಲು ಭಾಗ ನೀರು ಮಾತ್ರ ಬದಲಿಸಿ, ಆಮೇಲೆ ವಾರಕ್ಕೊಮ್ಮೆ ಸಾಕು. ನಲ್ಲಿ ನೀರನ್ನು ಅಗಲ ಬಾಯಿಯ ಬಕೆಟ್ಟಿನಲ್ಲಿ ಒಂದು ದಿನ ತೆರೆದಿಡಿ, ಇಲ್ಲವೇ ಅಂಗಡಿಯಲ್ಲಿ ಸಿಗುವ ಆಂಟಿ ಕ್ಲೋರಿನ್ ಹಾಕಿ. ಸ್ಪಾಂಜನ್ನು ಟ್ಯಾಂಕಿನಿಂದ ತೆಗೆದ ಹಳೇ ನೀರಲ್ಲೇ ಒಮ್ಮೆ ಹಿಂಡಿ, ಅಷ್ಟೇ. ಕಂದು ಬಣ್ಣ ಉಳಿದರೆ ಉಳಿಯಲಿ. ಆರೋಗ್ಯವಾದ ಮೀನಿರುವ ಗೆಳೆಯರ ಮನೆಯಿಂದ ಬಳಸಿದ ಸ್ಪಾಂಜಿನ ತುಂಡು ತಂದು ನಿಮ್ಮ ಫಿಲ್ಟರಿಗೆ ಸೇರಿಸಿ. ಹಾಲಿಗೆ ಹೆಪ್ಪು ಹಾಕಿದ ಹಾಗೆ, ಕೆಲಸ ಬೇಗ ಶುರುವಾಗುತ್ತದೆ. ಈ ತಿಂಗಳು ಕಾಳು ದಿನ ಬಿಟ್ಟು ದಿನ, ಚಿಟಿಕೆ ಮಾತ್ರ. ಮೊಮ್ಮಕ್ಕಳ ಕೈಗೆ ಡಬ್ಬಿ ಸಿಗದಂತೆ ನೋಡಿಕೊಳ್ಳಿ.

ಎರಡಡಿ ಉದ್ದ, ಅಡಿ ಅಗಲ, ಅಡಿ ಎತ್ತರದ ಟ್ಯಾಂಕಿಗೆ ಸುಮಾರು 56 ಲೀಟರ್ ನೀರು. ಹೊಲಸು ಜಾಸ್ತಿ ಮಾಡುವ ಗೋಲ್ಡ್ ಫಿಶ್ಶಿಗೆ ಅದು ಏನೇನೂ ಸಾಲದು. ಚಿಕ್ಕ ಎರಡನ್ನು ಇಟ್ಟುಕೊಂಡು ಉಳಿದವನ್ನು ಯಾರಿಗಾದರೂ ಕೊಡಿ. ಚೆನ್ನಾಗಿ ನೋಡಿಕೊಂಡರೆ ಅವು ಹತ್ತು ವರ್ಷ ದಾಟುವ ಮೀನು. ಬೆಳೆಯುತ್ತಾ ಹೋದಂತೆ ದೊಡ್ಡ ಟ್ಯಾಂಕೂ ಬೇಕಾಗುತ್ತದೆ.

ಪ್ರಶ್ನೆ: ಚಿತ್ರದುರ್ಗದಲ್ಲಿ ನಮ್ಮದು ಬೋರ್ ನೀರು. ಗಾಜಿನ ಮೇಲೆ ಬಿಳಿ ಕಲೆ ಕಟ್ಟುತ್ತದೆ. ನಿಯಾನ್ ಟೆಟ್ರಾ ತಂದರೆ ನಿಲ್ಲುವುದಿಲ್ಲ. ಆರ್‌ಓ ನೀರು ಹಾಕಲೇ?

ಉತ್ತರ: ಬರೀ ಆರ್‌ಓ ನೀರು ಬೇಡ. ಅದರಲ್ಲಿ ಲವಣ ತೀರಾ ಕಡಿಮೆ. ನಿಯಾನ್ ಟೆಟ್ರಾ ಅಮೆಜಾನ್ ಕಡೆಯ, ಲವಣ ಕಡಿಮೆ ಇರುವ ಮೆದು ನೀರಿನ ಮೀನು, ಲವಣ ಜಾಸ್ತಿ ಇರುವ ನಿಮ್ಮ ಗಡಸು ನೀರು ಅದಕ್ಕೆ ಒಗ್ಗುವುದು ಕಷ್ಟ. ನೀರನ್ನು ಮೀನಿಗೆ ಹೊಂದಿಸುವ ಬದಲು, ನೀರಿಗೆ ಹೊಂದುವ ಮೀನು ಸಾಕಿ ಅಂತಲೇ ನಾನು ಹೇಳುವುದು. ಗಪ್ಪಿ, ಮೋಲಿ, ಪ್ಲಾಟಿ, ಸ್ವೋರ್ಡ್‌ಟೇಲ್ ಗಡಸು ನೀರಲ್ಲಿ ಖುಷಿಯಾಗಿರುತ್ತವೆ, ಮರಿಯನ್ನೂ ಹಾಕುತ್ತವೆ. ದೊಡ್ಡ ಟ್ಯಾಂಕ್ ಇದ್ದರೆ ಆಫ್ರಿಕಾದ ಮಲಾವಿ ಸರೋವರದ ಸಿಕ್ಲಿಡ್‌ಗಳನ್ನು ನೋಡಿ. ಗಡಸು ನೀರು ಸಾಮಾನ್ಯವಾಗಿ ಕ್ಷಾರವೂ ಆಗಿರುತ್ತದೆ, ಅವುಗಳ ಊರಿನ ನೀರೂ ಕ್ಷಾರವೇ.

ಒಂದು ಎಚ್ಚರಿಕೆ. ನಿಮ್ಮ ಕಡೆಯ ಒಣ ಗಾಳಿಗೆ ಟ್ಯಾಂಕಿನ ನೀರು ಬೇಗ ಆರುತ್ತದೆ. ನೀರು ಆರಿದರೂ ಲವಣ ಒಳಗೇ ಉಳಿಯುತ್ತದೆ. ಮೇಲೆ ಮೇಲೆ ಬೋರ್ ನೀರು ತುಂಬಿಸುತ್ತಾ ಹೋದರೆ ಗಡಸು ಏರುತ್ತಲೇ ಹೋಗುತ್ತದೆ. ಆರಿದಷ್ಟಕ್ಕೆ ಆರ್‌ಓ ನೀರು ಹಾಕಿ, ಬದಲಿಸುವಾಗ ಬೋರ್ ನೀರು ಬಳಸಿ. ಕ್ಷಾರ ನೀರಲ್ಲಿ, ಅದರಲ್ಲೂ ಏಪ್ರಿಲ್ ಸೆಕೆಗೆ, ಅಮೋನಿಯ ಇನ್ನಷ್ಟು ವಿಷವಾಗುತ್ತದೆ. ಬಿಸಿ ನೀರಲ್ಲಿ ಆಮ್ಲಜನಕವೂ ಕಡಿಮೆ. ಹಾಗಾಗಿ ಬೇಸಿಗೆಯಲ್ಲಿ ಮೀನು ಕಡಿಮೆ, ಕಾಳು ಕಡಿಮೆ, ಏರ್ ಪಂಪ್ ಹಗಲೂ ರಾತ್ರಿ. ನೀರಿನ ಮೇಲೆ ಟೇಬಲ್ ಫ್ಯಾನ್ ಗಾಳಿ ಬಿಟ್ಟರೂ ಬಿಸಿ ಸ್ವಲ್ಪ ಇಳಿಯುತ್ತದೆ. ಕರೆಂಟ್ ಹೋಗುವ ಊರಾದರೆ ಬ್ಯಾಟರಿ ಪಂಪ್ ಇಟ್ಟುಕೊಳ್ಳಿ.

ಪ್ರಶ್ನೆ: ನಮ್ಮ ಸಕ್ಕರ್ ಫಿಶ್ ಅಡಿ ಉದ್ದ ಬೆಳೆದಿದೆ. ಕೊಲ್ಲಲು ಮನಸ್ಸಿಲ್ಲ. ಕುಂದುವಾಡ ಕೆರೆಗೆ ಬಿಡಬಹುದೇ?

ಉತ್ತರ: ಬೇಡವೇ ಬೇಡ. ಅದು ದಕ್ಷಿಣ ಅಮೆರಿಕದ ಮೀನು. ಮೈಮೇಲೆ ಗಟ್ಟಿ ಕವಚ ಇರುವುದರಿಂದ ನಮ್ಮ ಕೆರೆಗಳಲ್ಲಿ ಅದನ್ನು ತಿನ್ನುವ ಪ್ರಾಣಿ ಕಡಿಮೆ. ದಂಡೆಯಲ್ಲಿ ಬಿಲ ತೋಡಿ ಮೊಟ್ಟೆ ಇಡುತ್ತದೆ, ನಮ್ಮ ಮೀನುಗಳ ಆಹಾರಕ್ಕೆ ಪೈಪೋಟಿ ಕೊಡುತ್ತದೆ, ಬಲೆ ಹರಿಯುತ್ತದೆ. ಭಾರತದ ಹಲವು ಕೆರೆ, ನದಿಗಳಿಗೆ ಅದು ಸೇರಿಕೊಂಡಿರುವುದು ಹೀಗೆ ಕನಿಕರಪಟ್ಟು ಬಿಟ್ಟವರಿಂದಲೂ ಹೌದು. ಕುಂದುವಾಡ ಕೆರೆಯಂತೂ ಊರಿಗೆ ಕುಡಿಯುವ ನೀರು ಕೊಡುವ ಕೆರೆ. ತಂದ ಅಂಗಡಿಯವರನ್ನೇ ವಾಪಸ್ ತಗೊಳ್ಳಿ ಅಂತ ಕೇಳಿ, ಒಪ್ಪುವವರಿದ್ದಾರೆ. ಇಲ್ಲದಿದ್ದರೆ ನಾಲ್ಕೈದು ಅಡಿಯ ಟ್ಯಾಂಕ್ ಇರುವವರನ್ನು ಹುಡುಕಿ ಕೊಡಿ.